ಆ ಕಿರೀಟ ಯಾರದು?

ಎರಡು ಕೈಗಳು ಹಿಡಿದ ಒಂದು ಹೃದಯ, ಅದರ ಮೇಲೊಂದು ಕಿರೀಟ. ಐರ್ಲೆಂಡಿನ ಕ್ಲಾಡಾ ಉಂಗುರವನ್ನು ನೀವೂ ನೋಡಿರುತ್ತೀರಿ. ಕೈ ಎಂದರೆ ಸ್ನೇಹ, ಹೃದಯ ಎಂದರೆ ಪ್ರೀತಿ, ಕಿರೀಟ ಎಂದರೆ ನಿಷ್ಠೆ. ಬಲಗೈಯಲ್ಲಿ ಹೃದಯದ ಮೊನೆ ಹೊರಗೆ ತಿರುಗಿದ್ದರೆ ಒಂಟಿ, ಒಳಗೆ ತಿರುಗಿದ್ದರೆ ಮನಸ್ಸು ಕೊಟ್ಟಾಗಿದೆ, ಎಡಗೈಗೆ ಬಂದರೆ ನಿಶ್ಚಿತಾರ್ಥ, ಆಮೇಲೆ ಮದುವೆ. ಒಂದು ಉಂಗುರಕ್ಕೆ ಎಷ್ಟೊಂದು ಸಂಚಾರ ನಿಯಮಗಳು!

ನಿಯಮ ಇರಲಿ. ಅದು ಅನಾದಿ ಕಾಲದಿಂದ ಹೀಗೇ ಇತ್ತು ಎಂದು ಮಾರುತ್ತಾರಲ್ಲ, ನನ್ನ ತಕರಾರು ಅಲ್ಲಿದೆ. ಕೈಕೈ ಹಿಡಿದ ಉಂಗುರಗಳು ರೋಮನ್ನರ ಕಾಲದಲ್ಲೇ ಇದ್ದವು. ಗಾಲ್ವೇ ನಗರದ ಅಕ್ಕಸಾಲಿಗ ರಿಚರ್ಡ್ ಜಾಯ್ಸ್ 1700ರ ಸುಮಾರಿಗೆ ಅದಕ್ಕೆ ಈ ರೂಪ ಕೊಟ್ಟ ಎನ್ನುತ್ತಾರೆ. ಕಡಲ್ಗಳ್ಳರು ಅವನನ್ನು ಹಿಡಿದು ಅಲ್ಜೀರಿಯದಲ್ಲಿ ಮಾರಿದರು, ಕೆಲಸ ಕಲಿತದ್ದು ಅಲ್ಲಿಯೇ ಎಂಬ ಕಥೆಯೂ ಇದೆ. ಕಥೆ ಚೆನ್ನಾಗಿದೆ, ಹಾಗೆಂದು ಪ್ರಮಾಣ ಮಾಡಲಾರೆ. ಕ್ಲಾಡಾ ಎಂಬ ಹೆಸರು ಅಂಟಿಕೊಂಡದ್ದು 19ನೆಯ ಶತಮಾನದಲ್ಲಿ. ಕ್ಲಾಡಾ ಎಂದರೆ ಗಾಲ್ವೇ ಕೋಟೆಗೋಡೆಯ ಆಚೆಗಿದ್ದ ಬೆಸ್ತರ ಕೇರಿ. ಅಲ್ಲಿ ಉಂಗುರ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. 1930ರ ದಶಕದಲ್ಲಿ ಕೇರಿಯ ಹುಲ್ಲು ಮಾಡಿನ ಮನೆಗಳನ್ನೆಲ್ಲ ಕೆಡವಿದರು. ಹೆಸರು ಮಾತ್ರ ಪ್ರವಾಸಿಗಳ ಬೆರಳೇರಿ ಊರೂರು ಸುತ್ತುತ್ತಿದೆ.

ನನಗೆ ಹೆಚ್ಚು ಕುತೂಹಲ ಕಿರೀಟದ ಬಗ್ಗೆ. ನಿಷ್ಠೆ ಸರಿ, ಯಾರಿಗೆ? ಬ್ರಿಟಿಷ್ ಆಳ್ವಿಕೆಯನ್ನು ಅನುಭವಿಸಿದ ನಾಡಿನಲ್ಲಿ ಕಿರೀಟ ನೋಡಿದರೆ ಕೆಲವರಿಗಾದರೂ ಮೈ ಉರಿಯದೆ ಇದ್ದೀತೆ? ಡಬ್ಲಿನ್‌ನಲ್ಲಿ ಗಣರಾಜ್ಯವಾದಿಗಳಿಗಾಗಿ ಕಿರೀಟವನ್ನೇ ತೆಗೆದ ಉಂಗುರ ಮಾಡಿದರು. ಫೀನಿಯನ್ ಕ್ಲಾಡಾ ಎಂದು ಅದರ ಹೆಸರು (ಬ್ರಿಟಿಷರ ವಿರುದ್ಧ ನಿಂತ ಐರಿಶ್ ಗಣರಾಜ್ಯವಾದಿಗಳನ್ನು ಫೀನಿಯನ್ನರು ಎನ್ನುತ್ತಿದ್ದರು), ಈಗಲೂ ಸಿಗುತ್ತದೆ. ಆದರೆ ಜನ ಅದರ ಹಿಂದೆ ಹೋಗಲಿಲ್ಲ. 1949ರಲ್ಲಿ ದೇಶ ಗಣರಾಜ್ಯವಾಯಿತು. ಬೆರಳಿನ ಮೇಲಿನ ಕಿರೀಟ ಅಲ್ಲೇ ಉಳಿಯಿತು. ಅದು ಲಂಡನ್ನಿನ ರಾಜನದಲ್ಲ, ತಮ್ಮ ಮನೆಯದು ಎಂದು ಅವರು ಯಾವಾಗಲೋ ತೀರ್ಮಾನಿಸಿದ್ದರು ಎಂದೇ ನನ್ನ ಊಹೆ.

ಹಾಗಾಗಿ ಅರ್ಥ ಬದಲಾಯಿತು ಎಂದು ಗೋಳಾಡುವವರ ಜೊತೆ ನಾನಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿ, ಗಾಲ್ವೇ ಕೊಲ್ಲಿಯನ್ನೇ ನೋಡದ ಮೊಮ್ಮಗಳೊಬ್ಬಳಿಗೆ ಆ ಉಂಗುರ ಪ್ರೇಮದ ಗುರುತೂ ಅಲ್ಲ, ಮದುವೆಯದೂ ಅಲ್ಲ. ಅದು ಅಜ್ಜಿ ಬಿಟ್ಟು ಬಂದ ಊರು. ಮೊನೆ ಯಾವ ಕಡೆಗಿದೆ ಎಂದು ಅವಳು ಯೋಚಿಸಿಯೇ ಇರುವುದಿಲ್ಲ. ಅಜ್ಜಿಯ ಅಳತೆ ಚಿಕ್ಕದಾದ್ದರಿಂದ ಕಿರುಬೆರಳಿಗೆ ಹಾಕಿಕೊಂಡಿರುತ್ತಾಳೆ.