ಬಿಟ್ಟದ್ದು ಒಗ್ಗಲಿಲ್ಲ ಅನ್ನುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿ, ಬೆವರು ಆರುವ ಮೊದಲೇ ಬಂದು ಕೂತಿದ್ದೀರಿ. ತಿಂಡಿ ಕಾಯ್ತಾ ಇದೆ ಅನ್ನೋದೂ ಗೊತ್ತು. ಜಾಸ್ತಿ ಎಳೆಯುವುದಿಲ್ಲ.

ನಾನು ಡಾಕ್ಟರಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರಾದವನು. 1980ರಲ್ಲಿ ಸಿಗರೇಟು ಹಿಡಿದೆ, 2010ರಲ್ಲಿ ಬಿಟ್ಟೆ. ಆ ಮೂವತ್ತು ವರ್ಷದ ನಡುವೆ ಮೂರು ಸಲ ಬಿಟ್ಟು ಮೂರು ಸಲವೂ ವಾಪಸ್ ಹಿಡಿದಿದ್ದೆ. ಯಾಕೆ ಬಿಡಬೇಕು ಅಂತ ಹೇಳೋಕೆ ನಾನು ಬೇಕಾಗಿಲ್ಲ, ಪ್ಯಾಕಿನ ಶೇಕಡ 85ರಷ್ಟು ಜಾಗ ತುಂಬಿರುವ ಎಚ್ಚರಿಕೆಯ ಚಿತ್ರ, ಬರಹಗಳೇ ಅದನ್ನು ಹೇಳುತ್ತವೆ. ನಾನು ಹೇಳುವುದು ಬಿಟ್ಟ ಮೇಲಿನ ಕಥೆ.

ಮತ್ತೆ ಹಿಡಿದವರನ್ನು ಕೇಳಿ ನೋಡಿ. 'ಆಸೆ ತಡೆಯಲಿಲ್ಲ' ಅಂತ ಒಪ್ಪಿಕೊಳ್ಳುವವರು ಕಡಿಮೆ. 'ಬಿಟ್ಟಿದ್ದು ನಂಗೆ ಒಗ್ಗಲಿಲ್ಲ ಸಾರ್' ಅನ್ನುತ್ತಾರೆ. ಕೆಮ್ಮು ಜಾಸ್ತಿ ಆಯ್ತು, ಹೊಟ್ಟೆ ಕಟ್ಟಿಕೊಂಡಿತು, ನಿದ್ದೆ ಹೋಯ್ತು, ಎದೆ ಡವಡವ ಅನ್ನುತ್ತಿತ್ತು, ಒಂದು ಎಳೆದೆ ನೋಡಿ, ಎಲ್ಲಾ ಸರಿಹೋಯ್ತು! ಎರಡು ಸಲ ನಾನೂ ಇದೇ ಮಾತು ಹೇಳಿದ್ದೇನೆ. ಅವರು ಹೇಳುವ ತೊಂದರೆ ಸುಳ್ಳಲ್ಲ. ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು.

ತಪ್ಪು ಕಾರಣ ಹುಡುಕುವುದು ನಮ್ಮ ಮನೆಯಲ್ಲಿ ವಂಶಪಾರಂಪರ್ಯ ಅನ್ನಬಹುದು. ನಮ್ಮದು ಪಿರಿಯಾಪಟ್ಟಣ ತಾಲ್ಲೂಕು. ಮನೆಯ ಹಿಂದೆಯೇ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್. ಮಳೆಗಾಲದಲ್ಲಿ ಸೊಪ್ಪು ಮುರಿಯಲು ನಮ್ಮನ್ನೂ ಹೊಲಕ್ಕೆ ಇಳಿಸುತ್ತಿದ್ದರು. ಎಲೆಯ ಮೇಲೆ ನೀರು ನಿಂತಿರುತ್ತಿತ್ತು, ಅಂಗಿ ತೊಯ್ದು ಮೈಗೆ ಅಂಟುತ್ತಿತ್ತು, ಅಂಗೈ ಕಪ್ಪಗೆ ಜಿಗುಟಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ವಾಂತಿ. ದೃಷ್ಟಿ ತಾಗಿದೆ ಅಂತ ಅಜ್ಜಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಅದು ದೃಷ್ಟಿಯಲ್ಲ, ಒದ್ದೆ ಎಲೆಯಿಂದ ಚರ್ಮದ ಮೂಲಕ ಮೈಗೆ ಇಳಿದ ನಿಕೋಟಿನ್ ಅಂತ ಗೊತ್ತಾಗುವ ಹೊತ್ತಿಗೆ ಅಜ್ಜಿ ಇರಲಿಲ್ಲ, ನಾನು ದಿನಕ್ಕೆ ಹದಿನೈದು ಸೇದುತ್ತಿದ್ದೆ.

ಅಪ್ಪ ಸಿಗರೇಟು ಮುಟ್ಟಿದವರಲ್ಲ. ರಾತ್ರಿಯೆಲ್ಲ ಬ್ಯಾರನ್ ಬಾಯಿಗೆ ಸೌದೆ ಒಡ್ಡುತ್ತಾ ಅಲ್ಲೇ ಗೋಣಿಚೀಲ ಹಾಸಿಕೊಂಡು ಮಲಗುತ್ತಿದ್ದರು. ಆ ದುಡ್ಡಿನಲ್ಲಿ ನನ್ನ ಕಾಲೇಜು ಫೀಸು ಕಟ್ಟಿದರು. ಅದೇ ಕಾಲೇಜಿನಲ್ಲಿ ನಾನು ಸೇದುವುದು ಕಲಿತೆ. ಹೊಗೆಸೊಪ್ಪು ಬಿಟ್ಟರೆ ಹುಣಸೂರು, ಪಿರಿಯಾಪಟ್ಟಣದ ರೈತ ಏನು ಬೆಳೆಯಬೇಕು ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಹರಾಜಿನಲ್ಲಿ ರೇಟು ಬಿದ್ದ ದಿನ ಮನೆ ಹೇಗಿರುತ್ತದೆ ಅಂತ ನೋಡಿ ಬೆಳೆದವನು ನಾನು. ಆ ಮಾತು ಇನ್ನೊಂದು ದಿನಕ್ಕೆ ಇರಲಿ.

ಬಿಟ್ಟದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟೆವು. ನನ್ನ ಹೆಂಡತಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಿದ್ದಳು. ನಾನು ಕೈಬೀಸಿಕೊಂಡು ಹತ್ತುತ್ತಿದ್ದೆ. ನಂದಿ ಹತ್ತಿರ ಬರುವ ಹೊತ್ತಿಗೆ ನಾನು ಕಟ್ಟೆಯ ಮೇಲೆ ಕೂತಿದ್ದೆ, ಅವಳು ಕುಂಕುಮದ ಬಟ್ಟಲು ಹಿಡಿದು ನನ್ನನ್ನು ದಾಟಿ ಹೋದಳು. ಬಗ್ಗಿ ಎದ್ದು, ಬಗ್ಗಿ ಎದ್ದು. ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳ ಮಾಡಿ ಅಲ್ಲೇ ಒಂದು ಹಚ್ಚುತ್ತಿದ್ದೆನೇನೋ.

ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ ಅಂತ ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೆನೋ. ಬೆಲ್ ಹೊಡೆದ ಮೇಲೆ ಹೋಗಿ ಅದನ್ನೇ ಎಳೆದುಕೊಳ್ಳುತ್ತಿದ್ದೆ. ಶಾಲೆಯಿಂದ ನೂರು ಗಜದೊಳಗೆ ಸಿಗರೇಟು ಮಾರಬಾರದು ಅಂತ 2003ರ ಕಾಯಿದೆ ಹೇಳುತ್ತದೆ. ನಮ್ಮ ಗೇಟಿನಿಂದ ಪೆಟ್ಟಿಗೆ ಅಂಗಡಿಗೆ ಮೂವತ್ತು ಹೆಜ್ಜೆ. ಎಣಿಸಿದವನೂ ನಾನೇ, ದೂರು ಕೊಡದೆ ಸುಮ್ನೆ ಇದ್ದವನೂ ನಾನೇ.

ಸರಿ, ಈಗ ಒಗ್ಗದ ವಿಷಯಕ್ಕೆ ಬರೋಣ.

ಮೊದಲ ಮೂರು ದಿನ ಕಷ್ಟ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಎಳೆದ ಹೊಗೆಯ ನಿಕೋಟಿನ್ ಹತ್ತು ಸೆಕೆಂಡಿನಷ್ಟರಲ್ಲಿ ಮೆದುಳು ಮುಟ್ಟುತ್ತದೆ. ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿದ ಕೂಡಲೇ ಸಿಡುಕು ಶುರು. ಇನ್ನೊಂದು ಹಚ್ಚಿದರೆ ಸಮಾಧಾನ. ಟೆನ್ಶನ್‌ಗೆ ಸಿಗರೇಟು ಒಳ್ಳೇದು ಅನ್ನುವ ನಂಬಿಕೆ ಹುಟ್ಟಿದ್ದೇ ಹೀಗೆ. ಹಿಂದಿನ ಸಿಗರೇಟು ಎಬ್ಬಿಸಿದ ಟೆನ್ಶನ್ನನ್ನು ಮುಂದಿನದು ಮಲಗಿಸುತ್ತದೆ, ಅಷ್ಟೇ. ಆ ಮೂರು ದಿನ ನಾನು ಮನೆಯಲ್ಲಿ ಎಲ್ಲರ ಮೇಲೂ ಹಾರಾಡಿದೆ. ಫ್ಯಾನಿನ ಮೇಲೂ.

ನನ್ನನ್ನು ಮೊದಲ ಎರಡು ಸಲ ಕೆಡವಿದ್ದು ಆ ಮೂರು ದಿನವಲ್ಲ, ಎರಡನೇ ವಾರ. ಆಸೆ ತಗ್ಗಿತ್ತು. ಆದರೆ ಕೈ ನಡುಗುತ್ತಿತ್ತು, ಎದೆ ಬಡಿಯುತ್ತಿತ್ತು, ರಾತ್ರಿ ಎರಡಕ್ಕೆ ಕಣ್ಣು ಪಟ್ ಅಂತ ಬಿಟ್ಟುಕೊಳ್ಳುತ್ತಿತ್ತು. ನಾಲ್ಕನೇ ಸಲ ಬಿಟ್ಟಾಗ ಬಿಪಿ ಬಂತು ಅಂತ ಹೆದರಿ ಡಾಕ್ಟರ ಹತ್ತಿರ ಹೋದೆ. ಅವರು ಬಿಪಿ ನೋಡಿ, ಸರಿಯಾಗಿದೆ ಅಂದು, "ದಿನಕ್ಕೆ ಎಷ್ಟು ಕಾಫಿ ಕುಡೀತೀರಿ ಮೇಷ್ಟ್ರೇ?" ಅಂದರು.

ಆರು ಲೋಟ. ಗಟ್ಟಿ ಡಿಕಾಕ್ಷನ್ನು. ಸಿಗರೇಟು ಬಿಟ್ಟ ಮೇಲೆ ಎಂಟಾಗಿತ್ತು, ಬಾಯಿಗೆ ಏನಾದರೂ ಬೇಕಲ್ಲ.

ಆಮೇಲೆ ಅವರು ಹೇಳಿದ್ದು ವಿಜ್ಞಾನದ ಮೇಷ್ಟ್ರಾದ ನನಗೇ ಗೊತ್ತಿರಲಿಲ್ಲ. ಹೊಗೆಯಲ್ಲಿರುವ ಟಾರಿನ ಕೆಲವು ಅಂಶಗಳು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಕಾಫಿಯ ಕೆಫೀನನ್ನು ಕರಗಿಸುವುದೂ ಅದೇ ಕಿಣ್ವ. ಹಾಗಾಗಿ ಸೇದುವವರ ಮೈಯಿಂದ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹೊರಹೋಗುತ್ತದೆ. ಸಿಗರೇಟು ನಿಂತರೆ ಕೆಲವೇ ದಿನದಲ್ಲಿ ಕಿಣ್ವದ ಕೆಲಸ ನಿಧಾನವಾಗುತ್ತದೆ. ಕಾಫಿ ಮಾತ್ರ ಹಳೇ ಲೆಕ್ಕದಲ್ಲೇ ಒಳಗೆ ಹೋಗುತ್ತಿರುತ್ತದೆ. ಆರು ಲೋಟ ಮೈಗೆ ಹನ್ನೆರಡರ ಹಾಗೆ. ಅದು ಕಾಫಿಯ ನಡುಕ. ನಾನು ಎರಡು ಸಲ ಅದಕ್ಕೆ ಸಿಗರೇಟಿನ ಔಷಧಿ ಮಾಡಿದ್ದೆ. ಸಿಗರೇಟು ಹಚ್ಚಿದರೆ ಕಿಣ್ವ ಮತ್ತೆ ಚುರುಕಾಗುತ್ತದೆ, ನಡುಕ ಹೋಗುತ್ತದೆ. 'ನೋಡಿದ್ರಾ, ಸಿಗರೇಟು ನನ್ನ ದೇಹಕ್ಕೆ ಬೇಕು!'

ಮೈಸೂರಿನವರಿಗೆ ಸಿಗರೇಟು ಬಿಡಿ ಅನ್ನಬಹುದು, ಕಾಫಿ ಬಿಡಿ ಅಂದರೆ ಮೀಟಿಂಗು ಮುಗೀತು. ಬಿಡಬೇಡಿ. ಮೊದಲ ಕೆಲವು ವಾರ ಅರ್ಧ ಮಾಡಿ, ಸಂಜೆ ಮೇಲೆ ಬೇಡ. ನನಗೆ ನಾಲ್ಕೇ ದಿನದಲ್ಲಿ ನಿದ್ದೆ ಬಂತು. ಇನ್ನೊಂದು ಮಾತು. ಅದೇ ಕಿಣ್ವ ಕೆಲವು ಮಾತ್ರೆಗಳನ್ನೂ ಕರಗಿಸುತ್ತದೆ. ಉಬ್ಬಸಕ್ಕೆ ಥಿಯೋಫಿಲಿನ್ ತಗೊಳ್ಳುವವರು, ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಓಲಾಂಜಪಿನ್ ನಡೆಯುತ್ತಿರುವವರು ಸಿಗರೇಟು ಬಿಡುವ ಮೊದಲೇ ನಿಮ್ಮ ಡಾಕ್ಟರಿಗೆ ಹೇಳಿ. ಮಾತ್ರೆಯ ಪ್ರಮಾಣ ಅವರು ನೋಡಿಕೊಳ್ಳುತ್ತಾರೆ. ನೀವೇ ಕಡಿಮೆ ಮಾಡಿಕೊಳ್ಳಲು ಹೋಗಬೇಡಿ.

ಇನ್ನು ಕೆಮ್ಮು. "ಸೇದುವಾಗ ಇಷ್ಟು ಕೆಮ್ಮುತ್ತಿರಲಿಲ್ಲವಲ್ರೀ" ಅಂದಳು ನನ್ನವಳು. ಶ್ವಾಸನಾಳದ ಒಳಗೋಡೆಯಲ್ಲಿ ಸಣ್ಣ ಸಣ್ಣ ರೋಮಗಳಿವೆ. ಕಫವನ್ನು ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಹೊಗೆಗೆ ಅವು ಸೋತು ಬಿದ್ದಿರುತ್ತವೆ. ಹೊಗೆ ನಿಂತ ಮೇಲೆ ಎದ್ದು ಪೊರಕೆ ಹಿಡಿಯುತ್ತವೆ. ವರ್ಷಗಟ್ಟಲೆ ಬೀಗ ಹಾಕಿದ್ದ ಮನೆ ಗುಡಿಸಿದರೆ ಧೂಳು ಏಳಲ್ವಾ? ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೂ ಕೆಲವು ವಾರದಲ್ಲಿ ತಗ್ಗುತ್ತದೆ. ಕಫದಲ್ಲಿ ರಕ್ತ ಕಂಡರೆ ಅಥವಾ ಕೆಮ್ಮು ಹೋಗಲೇ ಇಲ್ಲ ಅಂದರೆ ಮಾತ್ರ ಈ ಮೇಷ್ಟ್ರ ಮಾತು ನೆಚ್ಚಿ ಕೂರಬೇಡಿ, ತೋರಿಸಿ.

ಸಿಗರೇಟಿನ ಬದಲು ಬಾಯಲ್ಲಿಟ್ಟುಕೊಳ್ಳುವ ನಿಕೋಟಿನ್ ಗಮ್ಮೂ ನನಗೆ 'ಒಗ್ಗಿರಲಿಲ್ಲ'. ಎರಡನೇ ಸಲ ಬಿಟ್ಟಾಗ ಮೆಡಿಕಲ್ ಸ್ಟೋರಿನಲ್ಲಿ ಕೊಂಡು ಎಲೆ ಅಡಿಕೆ ಅಗಿದ ಹಾಗೆ ಅಗಿದು ರಸ ನುಂಗಿದೆ. ಬಿಕ್ಕಳಿಕೆ ಹತ್ತಿತು, ಹೊಟ್ಟೆ ಉರಿಯಿತು. ಗಮ್ಮಿನ ಹೆಸರಿಗೇ ಕೈ ಮುಗಿದೆ. ಅದನ್ನು ಅಗಿಯುವ ರೀತಿಯೇ ಬೇರೆಯಂತೆ. ನಿಧಾನವಾಗಿ ಒಂದೆರಡು ಸಲ ಅಗಿದು, ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗಿಯಬೇಕು. ಅರ್ಧ ಗಂಟೆ ಬರುತ್ತದೆ. ನಿಕೋಟಿನ್ ಇಳಿಯಬೇಕಾದದ್ದು ಬಾಯಿಯ ಚರ್ಮದಿಂದ, ಹೊಟ್ಟೆಯಿಂದಲ್ಲ. ಗಮ್ ಹಾಕಿಕೊಳ್ಳುವ ಕಾಲು ಗಂಟೆ ಮೊದಲು ಕಾಫಿ, ಜ್ಯೂಸು ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನೋಡಿ, ಇಲ್ಲೂ ಕಾಫಿ ಬಂತು.

ಹೊಟ್ಟೆ ಕಟ್ಟುವುದು ನಿಜ. ನಿಕೋಟಿನ್ ಕರುಳನ್ನು ಓಡಿಸುತ್ತಿತ್ತು, ಈಗ ಅದು ತಾನೇ ಓಡುವುದು ಕಲಿಯಬೇಕು. ನೀರು, ಸೊಪ್ಪು, ನಡಿಗೆ. ತೂಕವೂ ಏರುತ್ತದೆ, ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ. ನನಗೆ ಆರು ಕಿಲೋ ಏರಿತು. ಮಂಡ್ಯದ ಕಡೆ ಹೋದಾಗಲೆಲ್ಲ ಮದ್ದೂರು ವಡೆ ತಿಂದದ್ದರ ಲೆಕ್ಕವೂ ಅದರಲ್ಲಿ ಸೇರಿದೆ.

ಆಸೆ ಬಂದಾಗ ಏನು ಮಾಡುತ್ತಿದ್ದೆ? ಆಸೆ ಅನ್ನುವುದು ಮೂರರಿಂದ ಐದು ನಿಮಿಷ ಇದ್ದು ಹೋಗುತ್ತದೆ. ಅಷ್ಟು ಹೊತ್ತು ಕೈಗೆ ಕೆಲಸ ಬೇಕು. ನನ್ನ ಕಷ್ಟ ಇದ್ದದ್ದು ಆ ಪೆಟ್ಟಿಗೆ ಅಂಗಡಿಯಲ್ಲಿ. ನಾನು ರಸ್ತೆ ದಾಟುವುದು ಕಂಡರೆ ಸಾಕು, ಅಂಗಡಿಯವನ ಕೈ ನನ್ನ ಬ್ರ್ಯಾಂಡಿನ ಮೇಲೆ ಹೋಗುತ್ತಿತ್ತು. ಕಂಬಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಕೆಂಡ. ಬಿಟ್ಟು ನಾಲ್ಕನೇ ದಿನ ಚಿಲ್ಲರೆ ಬೇಕಾಗಿ ಹೋದೆ. ಅವನು ಕೇಳದೆಯೇ ಒಂದು ತೆಗೆದು ಪೇಪರಿನ ಮೇಲೆ ಇಟ್ಟ. ನಾನು ನೋಡುತ್ತಾ ನಿಂತೆ. ಎಷ್ಟು ಹೊತ್ತೋ. ಆಮೇಲೆ "ಬೇಡಪ್ಪ, ಶುಂಠಿ ಪೆಪ್ಪರ್‌ಮಿಂಟ್ ಕೊಡು" ಅಂದೆ. "ಯಾಕ್ ಸಾರ್, ಹುಷಾರಿಲ್ವಾ?" ಅಂದ. ಮೂವತ್ತು ವರ್ಷ ಸೇದಿದ್ದಕ್ಕೆ ಯಾರೂ ಕೇಳದ ಪ್ರಶ್ನೆ, ಒಂದು ದಿನ ಬೇಡ ಅಂದಿದ್ದಕ್ಕೆ ಬಂತು. ಮರುದಿನದಿಂದ ಇನ್ನೊಂದು ಗೇಟಿನಲ್ಲಿ ಓಡಾಡಿದೆ. ಹೇಡಿತನ ಅನ್ನಿ ಬೇಕಾದರೆ. ಎದುರಿಗೆ ನಿಂತು ಗೆಲ್ಲುತ್ತೇನೆ ಅಂದವರು ಸೋತದ್ದನ್ನೇ ಜಾಸ್ತಿ ನೋಡಿದ್ದೇನೆ.

ನಾನೇ ಮೂರನೇ ಸಲ ಹಾಗೆ ಸೋತವನು. ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಊರಲ್ಲಿ ದೊಡ್ಡಪ್ಪನ ತಿಥಿ. ಊಟ ಆದ ಮೇಲೆ ಬ್ಯಾರನ್ ಹಿಂದೆ ಅಣ್ಣತಮ್ಮಂದಿರೆಲ್ಲ ನಿಂತಿದ್ದರು. "ಒಂದಕ್ಕೇನಾಗುತ್ತೋ" ಅಂದ ಒಬ್ಬ. ಒಂದಕ್ಕೆ ಏನೂ ಆಗಲಿಲ್ಲ, ನಿಜವಾಗಿ. ಅದೇ ಮೋಸ. ಏನೂ ಆಗಲಿಲ್ಲವಲ್ಲ ಅಂತ ಮರುದಿನ ಎರಡು. ಯುಗಾದಿ ಹೊತ್ತಿಗೆ ಪ್ಯಾಕು.

ಒಬ್ಬರೇ ಮಾಡಬೇಕಾಗಿಲ್ಲ. 1800-11-2356 ಅನ್ನುವುದು ಸರ್ಕಾರದ ಉಚಿತ ಸಹಾಯವಾಣಿ, 2018ರಿಂದ ಪ್ಯಾಕಿನ ಮೇಲೇ ಅಚ್ಚಾಗುತ್ತಿದೆ. ಡಾಕ್ಟರು ಬರೆದುಕೊಡುವ ಮಾತ್ರೆಗಳೂ ಇವೆ.

'ಈ ವಯಸ್ಸಲ್ಲಿ ಬಿಟ್ಟು ಏನಾಗಬೇಕು' ಅಂತ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ ಹಾಗಾಯ್ತು. ರಿಚರ್ಡ್ ಡಾಲ್ ಅನ್ನುವವರು 1951ರಿಂದ ಬ್ರಿಟನ್ನಿನ ಡಾಕ್ಟರುಗಳನ್ನೇ ಐವತ್ತು ವರ್ಷ ಹಿಂಬಾಲಿಸಿ ಲೆಕ್ಕ ಹಾಕಿದರು. ಕೊನೆಯ ವರದಿ 2004ರಲ್ಲಿ ಬಂತು. ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಮೊದಲೇ ಹೋದರು. ಮೂವತ್ತರಲ್ಲಿ ಬಿಟ್ಟವರಿಗೆ ಆ ಹತ್ತೂ ಹೆಚ್ಚುಕಡಿಮೆ ಉಳಿಯಿತು. ನಲವತ್ತರಲ್ಲಿ ಬಿಟ್ಟರೆ ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲೂ ಮೂರು. ನಾನು ಬಿಟ್ಟಾಗ ನಲವತ್ತೊಂಬತ್ತು. ಆರು ವರ್ಷ ಅಂದರೆ ಎಷ್ಟು ಆಷಾಢ ಅಂತ ಲೆಕ್ಕ ಹಾಕಿ, ಆ ಕಾಗದವನ್ನು ಹಾಜರಾತಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ.

ಈಗ ಸಿಗರೇಟಿನ ನೆನಪೇ ಬರಲ್ವಾ ಅಂತ ಕೇಳುತ್ತಾರೆ. ಎಚ್ಚರ ಇದ್ದಾಗ ಬರುವುದಿಲ್ಲ. ಕನಸಿನಲ್ಲಿ ಮಾತ್ರ ಈಗಲೂ ಸೇದುತ್ತೇನೆ. ಬಿಟ್ಟವರಲ್ಲಿ ಬಹಳ ಜನಕ್ಕೆ ಈ ಕನಸು ಬೀಳುತ್ತದೆ, ಹೆದರಬೇಡಿ. ಹೋದ ವಾರವೂ ಬಿತ್ತು. ಸ್ಟಾಫ್ ರೂಮಿನ ಕಿಟಕಿ ಹತ್ತಿರ ನಿಂತು ಪೂರ್ತಿ ಒಂದು ಸೇದಿದೆ, ಹೆಡ್ ಮಾಸ್ಟರು ಬಂದರು ಅಂತ ಬೆಂಚಿಗೆ ಒತ್ತಿ ಆರಿಸಿದೆ. ಕಳ್ಳತನ ಮಾಡಿದವನ ಹಾಗೆ ಎದ್ದು ಕೂತೆ. ಕತ್ತಲಲ್ಲಿ ಬೆರಳು ಮೂಸಿ ನೋಡಿಕೊಂಡೆ. ರಾತ್ರಿ ಉಂಡ ಬಸ್ಸಾರಿನ ವಾಸನೆ.