ಬೀಸುಕಲ್ಲು ಒಂದೇ ಒಂದು ಡಿಗ್ರಿ ತಿರುಗಿದರೆ

ನಮಸ್ಕಾರ. "ಸರ್, ಅಮ್ಮನ ತಲೆಯಲ್ಲಿ ಆರು ಗಡ್ಡೆ ಇದೆಯಂತೆ, ಕರೆಂಟ್ ಕೊಡಬೇಕಂತೆ. ಯಾವ ಮೆಷಿನ್ ಒಳ್ಳೆಯದು?" ಕರೆಂಟ್ ಅಂದರೆ ರೇಡಿಯೇಷನ್. ರೇಡಿಯೋಥೆರಪಿ ವಿಭಾಗದಲ್ಲಿ ಮೆಷಿನ್ ಅಳೆದು ನೋಡುವ, ಪ್ಲಾನ್ ಮಾಡುವ ಫಿಸಿಸಿಸ್ಟ್ ಆಗಿರುವ ನನಗೆ ಇಂಥ ಫೋನ್ ಬರುತ್ತಲೇ ಇರುತ್ತದೆ. ಮೆಷಿನ್ ಹೆಸರಿಗಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಇವತ್ತು ಅದನ್ನೇ ಹೇಳುತ್ತೇನೆ.

ಶ್ವಾಸಕೋಶದ್ದೋ ಸ್ತನದ್ದೋ ಕ್ಯಾನ್ಸರ್ ಮಿದುಳಿಗೆ ಹರಡಿದಾಗ ಹೀಗೆ ಹಲವು ಗಡ್ಡೆ ಕಾಣಿಸಿಕೊಳ್ಳುತ್ತವೆ. ಮೊದಲೆಲ್ಲ ಇಡೀ ಮಿದುಳಿಗೇ ರೇಡಿಯೇಷನ್ ಕೊಡುತ್ತಿದ್ದರು. ಸಾಮಾನ್ಯವಾಗಿ 10 ಸಲಕ್ಕೆ ಒಟ್ಟು 30 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ). ಕೆಲವರಿಗೆ ಈಗಲೂ ಅದೇ ಸರಿ, ಅದನ್ನು ಡಾಕ್ಟರೇ ನಿರ್ಧರಿಸಬೇಕು. ಆದರೆ ಅದರಿಂದ ನೆನಪಿಗೆ ಪೆಟ್ಟು ಬೀಳಬಹುದು. 2014ರಲ್ಲಿ ಜಪಾನಿನ ವೈದ್ಯರು 1194 ರೋಗಿಗಳ ಅಧ್ಯಯನ ಪ್ರಕಟಿಸಿದರು. ಎಲ್ಲರಿಗೂ ಗಾಮಾ ನೈಫ್ ಅನ್ನುವ ಮೆಷಿನ್‌ನಿಂದ (ಚಾಕು ಅಲ್ಲ, ಗಾಮಾ ಕಿರಣಗಳನ್ನು ಒಂದು ಬಿಂದುವಿಗೆ ಸೇರಿಸುವ ಮೆಷಿನ್) ಗಡ್ಡೆಗಳಿಗೆ ಮಾತ್ರ ರೇಡಿಯೇಷನ್. 5ರಿಂದ 10 ಗಡ್ಡೆ ಇದ್ದವರು 2ರಿಂದ 4 ಗಡ್ಡೆ ಇದ್ದವರಷ್ಟೇ ಕಾಲ ಬದುಕಿದ್ದರು. ಗಡ್ಡೆ ಜಾಸ್ತಿ ಇದೆ ಅನ್ನುವ ಒಂದೇ ಕಾರಣಕ್ಕೆ ಇಡೀ ಮಿದುಳಿಗೆ ಕೊಡಲೇಬೇಕು ಅಂತಿಲ್ಲ ಎಂದಾಯಿತು.

ನಮ್ಮ ನಿಮ್ಹಾನ್ಸ್‌ನಲ್ಲೂ ಗಾಮಾ ನೈಫ್ ಇದೆ. ಅದರಲ್ಲಿ ಒಂದೊಂದು ಗಡ್ಡೆಯನ್ನೂ ಬೇರೆಬೇರೆಯಾಗಿ ಗುರಿಗೆ ತಂದು ಕೊಡುತ್ತಾರೆ. ಅದಕ್ಕೆ ಸಮಯ ಹಿಡಿಯುತ್ತದೆ. ರೋಗಿಯ ಸುತ್ತ ತಿರುಗುತ್ತಾ ಎಕ್ಸ್‌ರೇ ಕಿರಣ ಬಿಡುವ ಲಿನಾಕ್ ಮೆಷಿನ್‌ನಲ್ಲಿ ಈಗ ತಲೆಯೊಳಗೆ ಒಂದೇ ಕೇಂದ್ರ ಇಟ್ಟುಕೊಂಡು, ಸುತ್ತ ಇರುವ ಎಲ್ಲ ಗಡ್ಡೆಗಳಿಗೂ ಒಟ್ಟಿಗೇ ಕೊಡಬಹುದು. ರೋಗಿ ಬೇಗ ಎದ್ದು ಹೋಗುತ್ತಾರೆ. ಒಳ್ಳೆಯದೇ, ಅಲ್ವಾ?

ಒಳ್ಳೆಯದೇ. ಆದರೆ ಬೀಸುಕಲ್ಲು ನೆನಪಿಸಿಕೊಳ್ಳಿ. ಸ್ವಲ್ಪ ತಿರುಗಿಸಿದರೆ ನಡುವಿನ ಗೂಟದ ಹತ್ತಿರ ಏನೂ ಗೊತ್ತಾಗುವುದಿಲ್ಲ, ಅಂಚಿನಲ್ಲಿರುವ ಹಿಡಿ ಮಾತ್ರ ಎಷ್ಟೋ ದೂರ ಸರಿದಿರುತ್ತದೆ. ತಲೆಯೂ ಹಾಗೇ. ಅಲುಗಾಡದಂತೆ ಹಾಕುವ ಮಾಸ್ಕ್ ಒಳಗೆ ಅದು ಒಂದು ಡಿಗ್ರಿ ತಿರುಗಿದರೆ, ಕೇಂದ್ರದಿಂದ 2 ಸೆಂಟಿಮೀಟರ್ ದೂರದ ಗಡ್ಡೆ ಮಿಲಿಮೀಟರಿನ ಮೂರನೇ ಒಂದು ಪಾಲು ಸರಿಯುತ್ತದೆ. 6 ಸೆಂಟಿಮೀಟರ್ ದೂರದ್ದು ಒಂದು ಮಿಲಿಮೀಟರ್ ಪೂರ್ತಿ ಸರಿಯುತ್ತದೆ.

ಒಂದು ಮಿಲಿಮೀಟರ್ ತಾನೇ ಅನ್ನಬೇಡಿ. ಗಡ್ಡೆ ತೊಗರಿಕಾಳಿನಷ್ಟು, 6 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಗುರಿ ತಪ್ಪದಿರಲಿ ಅಂತ ಸುತ್ತ ಒಂದು ಮಿಲಿಮೀಟರ್ ಅಂಚು ಸೇರಿಸಿದರೆ ರೇಡಿಯೇಷನ್ ಬೀಳುವ ಜಾಗ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಆ ಹೆಚ್ಚಿನ ಪಾಲೆಲ್ಲ ಚೆನ್ನಾಗಿರುವ ಮಿದುಳು. ಅಂಚು ಬೇಡ ಅಂದರೆ ಗಡ್ಡೆಯ ಒಂದು ಬದಿಗೆ ಡೋಸ್ ಸಾಲದೆ ಹೋಗಬಹುದು. ನನ್ನ ತಲೆಬಿಸಿ ಇದೇ.

ಬೆಳಿಗ್ಗೆ ರೋಗಿಗಳು ಬರುವ ಮುಂಚೆ ನಾವು ಟೇಬಲ್ ಮೇಲೆ ಗೋಲಿಗಿಂತ ಚಿಕ್ಕದಾದ ಲೋಹದ ಗುಂಡು ಇಡುತ್ತೇವೆ. ಮೆಷಿನ್ ಸುತ್ತ ತಿರುಗುತ್ತಾ ಚಿತ್ರ ತೆಗೆಯುತ್ತದೆ. ಪ್ರತಿ ಚಿತ್ರದಲ್ಲೂ ಗುಂಡಿನ ನೆರಳು ಕಿರಣದ ನಟ್ಟನಡುವೆ ಇರಬೇಕು. ಇದ್ದರೆ ಒಂದು ನಿಟ್ಟುಸಿರು. ಆದರೆ ಆ ಗುಂಡು ಇರುವುದು ಗೂಟದ ಜಾಗದಲ್ಲಿ! ಹಿಡಿಯ ಕಡೆ ಏನಾಗುತ್ತಿದೆ ಅಂತ ಅದು ಹೇಳುವುದಿಲ್ಲ. ಹಲವು ಗಡ್ಡೆಗಳಿಗೆ ಒಟ್ಟಿಗೆ ಕೊಡುವ ಯಾವುದೇ ಆಸ್ಪತ್ರೆ ಗುಂಡನ್ನು ಕೇಂದ್ರದಿಂದ ದೂರ ಇಟ್ಟೂ ಪರೀಕ್ಷೆ ಮಾಡಲೇಬೇಕು. ಇದರಲ್ಲಿ ನನಗೆ ರಾಜಿ ಇಲ್ಲ. ಅದಕ್ಕೆ ಸಮಯ ಬೇಕು, ಜನ ಬೇಕು. ಮೆಷಿನ್‌ಗೆ ಕೋಟಿಗಟ್ಟಲೆ ಸುರಿದು, ಅಳೆದು ನೋಡುವವರಿಗೆ ಒಂದು ಗಂಟೆ ಬಿಡುವು ಕೊಡದಿದ್ದರೆ ಹೇಗೆ?

ಆಮೇಲೆ ಮಾಸ್ಕ್. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆಯುತ್ತೇವೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಎಷ್ಟೇ ಬಿಗಿಯಾಗಿದ್ದರೂ ಒಳಗೆ ತಲೆ ಚೂರು ಹೊರಳುತ್ತದೆ. ಅದಕ್ಕೇ ಟೇಬಲ್ ಮೇಲೆ ಮಲಗಿಸಿ ಸ್ಕ್ಯಾನ್ ಮಾಡಬೇಕು, ಓರೆಯಾಗಿದ್ದರೆ ಟೇಬಲನ್ನೂ ಅಷ್ಟೇ ಓರೆ ಮಾಡಿ ಸರಿಪಡಿಸಬೇಕು. ಮುಂದೆಹಿಂದೆ ಸರಿಸಿದರಷ್ಟೇ ಸಾಲದು. ನಿಮ್ಮ ಡಾಕ್ಟರ ಹತ್ತಿರ "ತಿರುಗಿದ್ದನ್ನೂ ಸರಿಮಾಡುತ್ತೀರಾ?" ಅಂತ ಧೈರ್ಯವಾಗಿ ಕೇಳಿ. ಸಂಕೋಚ ಬೇಡ.

ಇಷ್ಟೆಲ್ಲ ಮಾಡಿಯೂ, ಗುರಿ ಹಾಕಿಕೊಂಡ ಚಿತ್ರವೇ ಹಳೆಯದಾದರೆ ಎಲ್ಲ ನೀರಲ್ಲಿ ಹೋಮ. ಊರಿನಲ್ಲಿ ತೆಗೆಸಿದ ಎಂಆರ್‌ಐ ಸಿಡಿ ಹಿಡಿದುಕೊಂಡು ಬರುತ್ತಾರೆ. ಮಂಜೂರಾತಿ, ಬೆಡ್ಡು ಅಂತ ವಾರಗಳು ಕಳೆದಿರುತ್ತವೆ. ಅಷ್ಟರಲ್ಲಿ ಗಡ್ಡೆ ಬೆಳೆದಿರಬಹುದು, ಹೊಸದು ಬಂದಿರಬಹುದು, ಸ್ಟೀರಾಯ್ಡ್‌ನಿಂದ ಊತ ಇಳಿದು ಗಡ್ಡೆ ಜಾಗ ಬದಲಿಸಿರಬಹುದು. ಒಂದು ವಾರಕ್ಕಿಂತ ಹಳೆಯ ಚಿತ್ರ ನೋಡಿ ಪ್ಲಾನ್ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಎಂಆರ್‌ಐ ಅಂದರೆ ಇನ್ನಷ್ಟು ಸಾವಿರ ಖರ್ಚು, ಗೊತ್ತು. ಆದರೂ ತೆಗೆಸಿ ಅಂತಲೇ ಹೇಳುತ್ತೇನೆ.

ಅದಕ್ಕೇ ಯಾವ ಮೆಷಿನ್ ಒಳ್ಳೆಯದು ಅಂತ ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದು, "ಅಮ್ಮನ ಎಂಆರ್‌ಐ ಯಾವತ್ತು ತೆಗೆಸಿದ್ದು?"