ಅಚ್ಚಿನೊಳಗೆ ಒಬ್ಬರು ಇದ್ದಾರೆ

ಎಲ್ಲರಿಗೂ ನಮಸ್ಕಾರ.

ಜೀವಂತ ಮನುಷ್ಯರ ಮೈಯಿಂದ ಅಚ್ಚು ತೆಗೆಯುವಾಗ ಆಗುವ ತಪ್ಪುಗಳ ಬಗ್ಗೆ ಇವತ್ತು ಮಾತಾಡೋಣ. ಮೂಗಿನ ಮೇಲೆ ಗುಳ್ಳೆ ಬಂತು, ಕಿವಿ ಸರಿಯಾಗಿ ಮೂಡಲಿಲ್ಲ ಅನ್ನುವ ತಪ್ಪುಗಳಲ್ಲ. ಅವನ್ನು ಆಮೇಲೆ ತಿದ್ದಬಹುದು. ನನಗೆ ಚಿಂತೆ ಇರುವುದು ಅಚ್ಚಿನೊಳಗೆ ಕೂತವರ ಬಗ್ಗೆ.

1825ರ ಅಕ್ಟೋಬರ್. ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರಿಗೆ ಆಗ 82 ವರ್ಷ, ಮೈಗೂ ಹುಷಾರಿರಲಿಲ್ಲ. ಬ್ರೌವರ್ ಎಂಬ ಶಿಲ್ಪಿ ಅವರ ಮನೆಗೆ ಬಂದು, ಇಪ್ಪತ್ತು ನಿಮಿಷದ ಕೆಲಸ ಎಂದು ಒಪ್ಪಿಸಿದ. ತೆಳ್ಳಗೆ ಕಲಸಿದ ಪ್ಲಾಸ್ಟರನ್ನು ತಲೆಗೆ ಪದರ ಪದರವಾಗಿ ಬಳಿದು, ಒಂದು ಗಂಟೆ ಹಾಗೇ ಬಿಟ್ಟ. ಅದು ಒಣಗಿ ಕಚ್ಚಿಕೊಂಡಿತು. ಕೊನೆಗೆ ಉಳಿ, ಸುತ್ತಿಗೆ ಹಿಡಿದು ಚೂರು ಚೂರಾಗಿ ಒಡೆದು ತೆಗೆಯಬೇಕಾಯಿತು. ಮನೆಯವರಿಗೆ ಗಾಬರಿ, ಶಿಲ್ಪಿಗೆ ದಿಕ್ಕೇ ತೋಚಲಿಲ್ಲ. ಪ್ಲಾಸ್ಟರ್ ಬಿಡುವ ಮೊದಲು ಕಿವಿಯೇ ಕಿತ್ತು ಬರುವ ಹಾಗಿತ್ತು ಎಂದು ಜೆಫರ್ಸನ್ ತಮ್ಮ ಗೆಳೆಯ ಮ್ಯಾಡಿಸನ್‌ಗೆ ಪತ್ರ ಬರೆದರು. ಏನೂ ವಿಚಾರಿಸದೆ ಒಪ್ಪಿಕೊಂಡೆ ಅಂತಲೂ ಬರೆದರು.

ಅಂದು ತಯಾರಾದ ಮೂರ್ತಿ ಇವತ್ತಿಗೂ ಇದೆ, ಚೆನ್ನಾಗಿಯೂ ಇದೆ. ಆದರೆ ಮೂರ್ತಿ ಚೆನ್ನಾಗಿ ಬಂದ ಮಾತ್ರಕ್ಕೆ ಕೆಲಸ ಸರಿಯಾಗಿತ್ತು ಅನ್ನಲು ನಾನು ಒಪ್ಪುವುದಿಲ್ಲ. ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಎಳೆಯುತ್ತದೆ, ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಮಾಡೆಲ್ ಕೇಳದಿದ್ದರೂ ನಾವೇ ಹೇಳಬೇಕು, ಅಲ್ವಾ?

1860ರಲ್ಲಿ ಲಿಂಕನ್ ಅವರ ಮುಖದ ಅಚ್ಚು ತೆಗೆದಾಗ ಕಣತಲೆಯ ಮೇಲಿನ ಕೂದಲು ಕಿತ್ತು ಬಂದು ಅವರ ಕಣ್ಣಲ್ಲಿ ನೀರು ಬಂದಿತ್ತು. ಹುಬ್ಬಿಗೆ, ಕೂದಲಿಗೆ ವ್ಯಾಸಲೀನ್ ಧಾರಾಳವಾಗಿ ಹಚ್ಚಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಬಿಸಿ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ 16 ವರ್ಷದ ಹುಡುಗಿ ಚಿತ್ರಕಲೆ ತರಗತಿಯಲ್ಲಿ ಪ್ಲಾಸ್ಟರ್ ತುಂಬಿದ ಬಕೆಟ್‌ಗೆ ಕೈ ಅದ್ದಿದಳು. ಕೈ ಹೊರಗೆ ಬರಲಿಲ್ಲ. ಸುಟ್ಟ ಗಾಯದಿಂದ ಬಹುತೇಕ ಬೆರಳುಗಳನ್ನೇ ಕಳೆದುಕೊಂಡಳು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಹೀರಿ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ತೆಳು ಪದರವಾದರೆ ಬಿಸಿ ಆರಿಹೋಗುತ್ತದೆ. ದಪ್ಪ ಮುದ್ದೆಯಾದರೆ ಒಳಗೇ ಉಳಿದು 60 ಡಿಗ್ರಿ ಮುಟ್ಟಬಹುದು. ಕಲಸುವಾಗ ತಣ್ಣಗೇ ಇರುವುದರಿಂದ ಮೋಸ ಹೋಗುತ್ತೇವೆ. ಪ್ಲಾಸ್ಟರೊಳಗೆ ಕೈ ಅದ್ದುವುದು ಬೇಡವೇ ಬೇಡ.

ಅದಕ್ಕೇ ಮೈಗೆ ಆಲ್ಜಿನೇಟ್. ಕಡಲಪಾಚಿಯಿಂದ ಬರುವ ಪುಡಿ, ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸುವಂಥದ್ದು. ಅದು ಸುಡುವುದಿಲ್ಲ. ಆದರೆ ನೀರು ಬೆಚ್ಚಗಿದ್ದಷ್ಟೂ ಬೇಗ ಗಟ್ಟಿಯಾಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಟ್ಯಾಂಕಿನ ನೀರಲ್ಲಿ ಕಲಸಿದರೆ ಬೋಗುಣಿಯಲ್ಲೇ ಕೂತುಬಿಡುತ್ತದೆ. ತಣ್ಣೀರು ಇಟ್ಟುಕೊಳ್ಳಿ. ಮೇಲೆ ಆಧಾರಕ್ಕೆ ಪ್ಲಾಸ್ಟರ್ ಬ್ಯಾಂಡೇಜ್ ಹಾಕಿ. ಅಚ್ಚು ಬಿಚ್ಚಿದ ಕೂಡಲೇ ಎರಕ ಹುಯ್ಯಿರಿ. ತಡವಾದರೆ ನೀರು ಆರಿ ಅಚ್ಚು ಕುಗ್ಗುತ್ತದೆ.

ಮುಖದ ಅಚ್ಚಿಗೆ ಮೂಗಿನ ಹೊಳ್ಳೆಗೆ ಸ್ಟ್ರಾ ತುರುಕುವವರಿದ್ದಾರೆ. ಬೇಡ. ಮೂಗಿನ ಆಕಾರ ಕೆಡುತ್ತದೆ, ಕೈ ತಗುಲಿದರೆ ಗಾಯವಾಗುತ್ತದೆ. ಹೊಳ್ಳೆಗಳನ್ನು ಸುಮ್ನೆ ತೆರೆದೇ ಬಿಡಿ. ಒಬ್ಬರು ಉಸಿರಾಟವನ್ನಷ್ಟೇ ನೋಡುತ್ತಿರಲಿ, ಬೇರೆ ಯಾವ ಕೆಲಸವೂ ಅವರಿಗೆ ಬೇಡ. ಬಾಯಿ ಮುಚ್ಚಿರುತ್ತದೆ, ಹಾಗಾಗಿ ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ. ಸನ್ನೆ ಬಂದರೆ ಎಷ್ಟೇ ಖರ್ಚಾಗಿದ್ದರೂ ಅಚ್ಚು ತೆಗೆಯಿರಿ. ನಿಂತ ಮಾಡೆಲ್ ಮಂಡಿ ಬಿಗಿಹಿಡಿದರೆ ತಲೆಸುತ್ತಿ ಬೀಳಬಹುದು, ಒರಗಲು ಏನಾದರೂ ಇರಲಿ.

ಮಧ್ಯಾಹ್ನದ ಅಭ್ಯಾಸದಲ್ಲಿ ಆಲ್ಜಿನೇಟ್‌ನಲ್ಲಿ ಕೈಯ ಅಚ್ಚು ಮಾತ್ರ ತೆಗೆಯೋಣ. ನೀವೆಲ್ಲರೂ ಒಮ್ಮೆ ಮಾಡೆಲ್ ಆಗಿ ಕೂತ ಮೇಲೆಯೇ ಮುಖದ ಕೆಲಸ.